ವಿನಿಮಯ ವೀಸಾದ ಎರಡು ವರ್ಷದ ಷರತ್ತು: ವಿನಾಯಿತಿಗೆ ಕಾಲಮಿತಿ ಬೇಕು, ಮರಳಿದವರಿಗೆ ಕೆಲಸ ಬೇಕು

ಮಾನ್ಯ ಸಂಪಾದಕರೆ,

ವಿನಿಮಯ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಮರಳಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ಷರತ್ತಿನಿಂದ ಬಿಡುಗಡೆ ಪಡೆಯಲು ನಮ್ಮ ಸರ್ಕಾರವೇ ನಿರಾಕ್ಷೇಪಣಾ ಪತ್ರ ಕೊಡುತ್ತಿರುವುದು ಸರಿಯಲ್ಲ, ಅದನ್ನು ಪೂರ್ತಿಯಾಗಿ ನಿಲ್ಲಿಸಬೇಕು ಎಂದು ಓದುಗರೊಬ್ಬರು ಈಚೆಗೆ ತಮ್ಮ ಪತ್ರಿಕೆಗೆ ಬರೆದಿದ್ದರು. ಕಲಿತ ಮಕ್ಕಳು ಊರಿಗೆ ಉಪಯೋಗಕ್ಕೆ ಬರಬೇಕೆಂಬ ಅವರ ಕಳಕಳಿಯಲ್ಲಿ ನನಗೂ ಪಾಲಿದೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಹುಕಾಲ ಸಸ್ಯಶಾಸ್ತ್ರ ಕಲಿಸಿ, ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈ ವೀಸಾದಲ್ಲಿ ಹೋಗಿಬಂದದ್ದನ್ನು ಹತ್ತಿರದಿಂದ ಕಂಡಿರುವ ನನಗೆ ಅವರು ಸೂಚಿಸಿರುವ ದಾರಿ ಒಪ್ಪಿಗೆಯಾಗುವುದಿಲ್ಲ. ವಿನಾಯಿತಿಯನ್ನು ತಡೆದ ಮಾತ್ರಕ್ಕೆ ವಿದ್ಯೆ ಊರಿಗೆ ಬಂದುಬಿಡುವುದಿಲ್ಲ. ಬಂದವರ ಕೈಗೆ ಇಲ್ಲಿ ಕೆಲಸ ಕೊಟ್ಟರೆ ಮಾತ್ರ ಬರುತ್ತದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಸಂಶೋಧಕರು, ಅಧ್ಯಾಪಕರು, ಕೆಲವು ವಿದ್ಯಾರ್ಥಿಗಳು, ಉನ್ನತ ತರಬೇತಿಗೆ ಹೋಗುವ ವೈದ್ಯರು ಮೊದಲಾದವರಿಗೆ ಅಮೆರಿಕ ಕೊಡುವುದು ಜೆ-1 ಎಂಬ ವೀಸಾ. ಅಲ್ಲಿ ಕಲಿತದ್ದನ್ನು ಅವರು ತಮ್ಮ ನಾಡಿಗೆ ಕೊಂಡೊಯ್ಯಬೇಕು ಎಂಬುದು ಈ ಏರ್ಪಾಡಿನ ಮೂಲ ಉದ್ದೇಶ. ಎರಡು ವರ್ಷದ ಷರತ್ತು ಅಲ್ಲಿನ ಕಾನೂನಿಗೆ ಬಂದದ್ದು 1956ರಲ್ಲಿ. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆ ಅದನ್ನು ಮುಂದುವರಿಸಿತು, ಮತ್ತು ಈಗ ಅದು ಅಮೆರಿಕದ ವಲಸೆ ಕಾಯ್ದೆಯ 212(ಇ) ಎಂಬ ಕಲಮಿನಲ್ಲಿದೆ. ಮೊದಮೊದಲು ವಿನಿಮಯ ವೀಸಾದ ಬಹುತೇಕ ಎಲ್ಲರನ್ನೂ ಕಟ್ಟಿಹಾಕುತ್ತಿದ್ದ ಈ ಷರತ್ತನ್ನು 1970ರ ತಿದ್ದುಪಡಿಯು ಸಡಿಲಿಸಿ, ಸರ್ಕಾರದ ಹಣ ಪಡೆದು ಹೋದವರಿಗೆ ಮತ್ತು ತಾಯ್ನಾಡಿಗೆ ಅಗತ್ಯವೆಂದು ಪಟ್ಟಿ ಮಾಡಿದ ವಿಷಯಗಳಲ್ಲಿ ಪರಿಣತಿ ಪಡೆಯುವವರಿಗೆ ಸೀಮಿತಗೊಳಿಸಿತು. 1976ರ ಕಾಯ್ದೆಯೊಂದು ಅಲ್ಲಿ ವೈದ್ಯಕೀಯ ಸ್ನಾತಕೋತ್ತರ ತರಬೇತಿ ಪಡೆಯುವ ವೈದ್ಯರನ್ನೂ ಇದಕ್ಕೆ ಸೇರಿಸಿತು. ಷರತ್ತಿಗೆ ಒಳಪಟ್ಟವರು ಒಟ್ಟು ಎರಡು ವರ್ಷ ತಾಯ್ನಾಡಿನಲ್ಲಿ ಇದ್ದುಬರುವವರೆಗೆ ಎಚ್-1ಬಿ ಮತ್ತು ಎಲ್ ವರ್ಗದ ಉದ್ಯೋಗ ವೀಸಾಗಳನ್ನಾಗಲಿ, ಗ್ರೀನ್ ಕಾರ್ಡನ್ನಾಗಲಿ ಪಡೆಯುವಂತಿಲ್ಲ. ಜೊತೆಗೆ ಹೋದ ಪತಿ ಅಥವಾ ಪತ್ನಿ, ಮಕ್ಕಳು ಕೂಡ ಇದೇ ಕಟ್ಟಿಗೆ ಒಳಗಾಗುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಾನೂನು ಕೇಳುವುದು ಊರಿನಲ್ಲಿ ಇರುವುದನ್ನು ಮಾತ್ರ. ಕಲಿತದ್ದನ್ನು ಇಲ್ಲಿ ಬಳಸಬೇಕೆಂದು ಅದು ಕೇಳುವುದಿಲ್ಲ. ಎರಡು ವರ್ಷ ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಷರತ್ತು ಪೂರೈಸಿದಂತೆಯೇ ಲೆಕ್ಕ. ಒಂದೇ ಸಲಕ್ಕೆ ಇರಬೇಕೆಂದೂ ಇಲ್ಲ, ಬಿಡಿಬಿಡಿಯಾಗಿ ಬಂದು ಇದ್ದ ದಿನಗಳನ್ನು ಕೂಡಿಸಿಕೊಳ್ಳಬಹುದು. ಬಂದವರಿಗೆ ಏನು ಕೆಲಸ, ಅವರ ವಿದ್ಯೆಯಿಂದ ಯಾರಿಗೆ ಅನುಕೂಲ ಎಂಬುದನ್ನು ಆ ಕಾನೂನು ನಮಗೇ ಬಿಟ್ಟಿದೆ. ನಾವು ಅದನ್ನು ಇಷ್ಟು ವರ್ಷ ಯಾರಿಗೂ ವಹಿಸಿಕೊಡಲಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳಬೇಕು. ಶಿಡ್ಲಘಟ್ಟ ತಾಲ್ಲೂಕಿನ ಹಿಪ್ಪುನೇರಳೆ ಬೆಳೆಗಾರರ ಮನೆಯ ಹುಡುಗಿ. ಸಸ್ಯರೋಗಗಳ ಬಗ್ಗೆ ಪಿಎಚ್.ಡಿ. ಮುಗಿಸಿ, ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಪೋಸ್ಟ್‌ಡಾಕ್ ಸಂಶೋಧನೆಗೆ ಹೋದಳು. ಯಾವ ಸರ್ಕಾರದ ಶಿಷ್ಯವೇತನವನ್ನೂ ಪಡೆದವಳಲ್ಲ, ಸಂಬಳ ಬರುತ್ತಿದ್ದದ್ದು ಅಲ್ಲಿನ ಪ್ರಾಧ್ಯಾಪಕರ ಯೋಜನೆಯಿಂದ. ಆದರೆ ಆಗ ಜಾರಿಯಲ್ಲಿದ್ದ ಪಟ್ಟಿಯಲ್ಲಿ ಆಕೆಯ ವಿಷಯ ಇದ್ದುದರಿಂದ ಷರತ್ತು ಬಿತ್ತು. ಮುಂದೆ ಅಲ್ಲಿಯೇ ಒಳ್ಳೆಯ ಹುದ್ದೆಯೊಂದು ಸಿಕ್ಕಾಗ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿದಳು. ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲವೆಂಬ ಈ ಪತ್ರವನ್ನು ಎಲ್ಲರೂ ನೋರಿ ಎಂದೇ ಕರೆಯುತ್ತಾರೆ. ಕೊನೆಯಲ್ಲಿ ಅದನ್ನು ಕೊಡುವುದು ನಮ್ಮ ರಾಯಭಾರ ಕಚೇರಿಯಾದರೂ, ಅದಕ್ಕೆ ಮುಂಚೆ ಕೇಂದ್ರದ ಶಿಕ್ಷಣ ಸಚಿವಾಲಯ, ರಾಜ್ಯ ಸರ್ಕಾರ ಮತ್ತು ಪಾಸ್‌ಪೋರ್ಟ್ ಕಚೇರಿ ತಮಗೆ ಆಕ್ಷೇಪವಿಲ್ಲವೆಂದು ಬೇರೆ ಬೇರೆಯಾಗಿ ತಿಳಿಸಬೇಕು. ಆಕೆಯ ಕಡತ ಇವುಗಳಲ್ಲಿ ಒಂದು ಕಚೇರಿಯಲ್ಲಿ ನಿಂತುಬಿಟ್ಟಿತು. ರೇಷ್ಮೆಗೂಡನ್ನು ಮಾರುಕಟ್ಟೆಗೆ ಹಾಕಿ ಅಲ್ಲಿಂದಲೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದ ಆಕೆಯ ತಂದೆಗೆ, ಕಡತ ಮೇಲಿನವರ ಸಹಿಗೆ ಹೋಗಿದೆ, ಮುಂದಿನ ವಾರ ಬನ್ನಿ ಎಂಬ ಉತ್ತರವೇ ಸಿಗುತ್ತಿತ್ತು. ಯಾರೂ ಆಗುವುದಿಲ್ಲ ಎಂದು ಹೇಳಲಿಲ್ಲ, ಆದರೆ ಆಗುತ್ತದೆ ಎಂದು ಬರೆದುಕೊಡಲೂ ಇಲ್ಲ. ಅಷ್ಟರಲ್ಲಿ ವೀಸಾದ ಅವಧಿ ಮುಗಿಯಿತು, ಹುದ್ದೆ ಕೈತಪ್ಪಿತು, ಆಕೆ ಊರಿಗೆ ಬಂದಳು.

ಇಷ್ಟೇ ಆಗಿದ್ದರೆ ಆ ಓದುಗರ ಮಾತೇ ಗೆದ್ದಂತೆ, ಏಕೆಂದರೆ ಪತ್ರ ಸಿಗದಿದ್ದರಿಂದ ವಿಜ್ಞಾನಿಯೊಬ್ಬಳು ಊರಿಗೆ ಬಂದಳಲ್ಲ! ಬಂದು ಏನು ಮಾಡಿದಳು ಎಂಬುದನ್ನೂ ಅವರು ಕೇಳಬೇಕು. ಹಿಪ್ಪುನೇರಳೆಗೆ ಬರುವ ಬೇರು ಕೊಳೆ ರೋಗದಿಂದ ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತರು ಗಿಡ ಕಿತ್ತು ಹಾಕುತ್ತಿರುವುದನ್ನು ನೋಡಿಕೊಂಡೇ ಬೆಳೆದ ಆಕೆಗೆ ಆ ರೋಗದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಆಸೆಯಿತ್ತು, ಅದಕ್ಕೆ ಬೇಕಾದ ಕೈಚಳಕವೂ ಇತ್ತು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಶಿಡ್ಲಘಟ್ಟದಲ್ಲಿ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದೆನಿಸಿದ ಗೂಡಿನ ಮಾರುಕಟ್ಟೆ ಇದೆ, ರೋಗ ಬಿದ್ದ ತೋಟಗಳಂತೂ ಮನೆ ಬಾಗಿಲಿನಲ್ಲೇ ಇವೆ. ಆದರೆ ಎರಡು ವರ್ಷಕ್ಕೆಂದು ಬಂದವರನ್ನು ತೆಗೆದುಕೊಳ್ಳುವ ಹುದ್ದೆ ಎಲ್ಲಿಯೂ ಇರಲಿಲ್ಲ. ಕಾಯಂ ನೇಮಕಾತಿಗೆ ಅಧಿಸೂಚನೆ ಬಂದಿರಲಿಲ್ಲ, ಅತಿಥಿ ಉಪನ್ಯಾಸಕರ ಆಯ್ಕೆ ಆ ವರ್ಷದ ಮಟ್ಟಿಗೆ ಮುಗಿದಿತ್ತು. ಆಕೆ ಚಿಕ್ಕಬಳ್ಳಾಪುರದ ಕೋಚಿಂಗ್ ಕೇಂದ್ರವೊಂದರಲ್ಲಿ ನೀಟ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಜೀವಶಾಸ್ತ್ರದ ಬಹುಆಯ್ಕೆ ಪ್ರಶ್ನೆಗಳನ್ನು ಬಿಡಿಸಿಕೊಡುತ್ತ ಎರಡು ವರ್ಷ ಕಳೆದು, ಷರತ್ತು ಮುಗಿಯುತ್ತಲೇ ಹೊರಟುಹೋದಳು. ಅಮೆರಿಕದ ಲೆಕ್ಕದಲ್ಲಿ ಷರತ್ತು ಪೂರೈಸಿತು, ನಮ್ಮ ಲೆಕ್ಕದಲ್ಲೂ ಪ್ರತಿಭೆ ಮರಳಿಬಂದಿತ್ತು. ಹಿಪ್ಪುನೇರಳೆ ತೋಟಕ್ಕೆ ಮಾತ್ರ ಅದರಿಂದ ಏನೂ ದಕ್ಕಲಿಲ್ಲ.

ಈಗ ಪರಿಸ್ಥಿತಿ ಒಂದು ಮುಖ್ಯ ವಿಷಯದಲ್ಲಿ ಬದಲಾಗಿದೆ, ಮತ್ತು ಇದು ನಮ್ಮ ಕಡೆಯ ತಂದೆತಾಯಿಗಳಿಗೆ ಇನ್ನೂ ತಿಳಿದಂತಿಲ್ಲ. ಯಾವ ದೇಶಕ್ಕೆ ಯಾವ ವಿದ್ಯೆ ಅಗತ್ಯ ಎಂಬ ಪಟ್ಟಿಯನ್ನು ಅಮೆರಿಕದ ವಿದೇಶಾಂಗ ಇಲಾಖೆ 2009ರ ನಂತರ ಮೊದಲ ಬಾರಿಗೆ 2024ರ ಡಿಸೆಂಬರ್ 9ರಂದು ಪರಿಷ್ಕರಿಸಿತು, ಆಗ ಭಾರತದ ಹೆಸರನ್ನೇ ಪಟ್ಟಿಯಿಂದ ತೆಗೆಯಿತು. ಪಟ್ಟಿಯ ಕಾರಣಕ್ಕಷ್ಟೇ ಷರತ್ತಿಗೆ ಒಳಪಟ್ಟಿದ್ದ ಭಾರತೀಯರಿಗೆ, ಅವರು ಅದಕ್ಕಿಂತ ಮುಂಚೆ ಹೋಗಿದ್ದವರಾದರೂ, ಈಗ ಷರತ್ತು ಇಲ್ಲ. ಅವರು ನೋರಿಗಾಗಿ ಯಾರ ಬಾಗಿಲಿಗೂ ಅಲೆಯಬೇಕಾಗಿಲ್ಲ. ಹಾಗಿದ್ದರೂ ಹಳೆಯ ನಿಯಮವನ್ನೇ ಹೇಳಿ ದುಡ್ಡು ಕೇಳುವ ಏಜೆಂಟರು ಇದ್ದಾರೆಂದು ಕೇಳಿದ್ದೇನೆ. ಹೋಗುವವರಿಗೆ ವಿಶ್ವವಿದ್ಯಾಲಯ ಕಳಿಸುವ ಡಿಎಸ್-2019 ಎಂಬ ನಮೂನೆಯ ಕೆಳಗಿನ ಎಡ ಮೂಲೆಯಲ್ಲಿ ಸಣ್ಣ ಚೌಕಗಳಿರುತ್ತವೆ: ಷರತ್ತು ಅನ್ವಯಿಸುವುದಿಲ್ಲ ಎಂದೊಂದು, ಅನ್ವಯಿಸುವುದಾದರೆ ಸರ್ಕಾರಿ ಹಣದ ಕಾರಣಕ್ಕೋ, ಪಟ್ಟಿಯ ಕಾರಣಕ್ಕೋ, ವೈದ್ಯಕೀಯ ತರಬೇತಿಯ ಕಾರಣಕ್ಕೋ ಎಂದು ಉಳಿದವು. ಮೊದಲು ನೋಡಬೇಕಾದದ್ದು ಆ ಚೌಕಗಳನ್ನು. ಅಧಿಕಾರಿ ಅಲ್ಲಿ ಹಾಕುವ ಗುರುತು ಪ್ರಾಥಮಿಕ ಅಭಿಪ್ರಾಯ ಮಾತ್ರ. ಅನುಮಾನವಿದ್ದರೆ ಅಮೆರಿಕದ ವಿದೇಶಾಂಗ ಇಲಾಖೆಯಿಂದಲೇ ಸಲಹಾ ಅಭಿಪ್ರಾಯವನ್ನು ಲಿಖಿತವಾಗಿ ಕೇಳಿ ಪಡೆಯಬಹುದು.

ಇನ್ನು ಕೆಲವು ತಪ್ಪು ತಿಳಿವಳಿಕೆಗಳು. ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಷರತ್ತು ತಾನಾಗಿ ಬಿದ್ದುಹೋಗುತ್ತದೆ ಎಂಬುದು ಸುಳ್ಳು. ಅಂಥ ಪತಿ, ಪತ್ನಿ ಅಥವಾ ಮಗುವಿಗೆ ಅಸಾಧಾರಣ ಕಷ್ಟವಾಗುತ್ತದೆಂದು, ಅವರು ಇಲ್ಲಿಗೆ ಜೊತೆಯಲ್ಲಿ ಬಂದರೂ ಆಗುತ್ತದೆ, ಅಲ್ಲೇ ಉಳಿದರೂ ಆಗುತ್ತದೆ ಎಂದು ಎರಡೂ ಬಗೆಯಲ್ಲಿ ತೋರಿಸಿಕೊಡಬೇಕು. ಎರಡು ವರ್ಷದ ಅಗಲಿಕೆ ಒಂದೇ ಸಾಲದು. ಕೆನಡಾದಲ್ಲೋ ದುಬೈಯಲ್ಲೋ ಎರಡು ವರ್ಷ ಇದ್ದುಬಂದರೆ ಆಯಿತು ಎಂಬುದೂ ಸುಳ್ಳು. ವಿನಾಯಿತಿಗೆ ಕಾನೂನು ತೆರೆದಿರುವ ದಾರಿಗಳು ಐದು: ತಾಯ್ನಾಡಿನ ನಿರಾಕ್ಷೇಪಣೆ, ಅಮೆರಿಕದ ಸರ್ಕಾರಿ ಸಂಸ್ಥೆಯೊಂದರ ಕೋರಿಕೆ, ಈಗ ಹೇಳಿದ ಅಸಾಧಾರಣ ಕಷ್ಟ, ತಾಯ್ನಾಡಿನಲ್ಲಿ ಜನಾಂಗ, ಧರ್ಮ ಅಥವಾ ರಾಜಕೀಯ ನಿಲುವಿನ ಕಾರಣಕ್ಕೆ ಕಿರುಕುಳವಾಗುವ ಭಯ, ಮತ್ತು ವೈದ್ಯರಿಗಾಗಿಯೇ ಇರುವ ಕಾನ್ರಾಡ್ ಕಾರ್ಯಕ್ರಮ. ಅರ್ಜಿ ಡಿಎಸ್-3035 ಎಂಬ ನಮೂನೆಯಲ್ಲಿ. ಶಿಫಾರಸು ಮಾಡುವುದು ಅಲ್ಲಿನ ವಿದೇಶಾಂಗ ಇಲಾಖೆ, ಕೊನೆಯ ತೀರ್ಮಾನ ವಲಸೆ ಇಲಾಖೆಯದು. ಶಿಫಾರಸು ಆದ ಮೇಲೆ ಜೆ-1 ವೀಸಾದ ಅವಧಿಯನ್ನು ವಿಸ್ತರಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಆತುರದಿಂದ ಅರ್ಜಿ ಹಾಕುವವರು ಎಚ್ಚರದಿಂದಿರಬೇಕು. ನೋರಿ ಸಿಕ್ಕಿತೆಂದ ಮಾತ್ರಕ್ಕೆ ವಿನಾಯಿತಿ ಸಿಕ್ಕಂತೆ ಆಗುವುದಿಲ್ಲ ಎಂಬುದನ್ನಂತೂ ಮರೆಯಲೇಬಾರದು.

ಹಾಗಾದರೆ ಇನ್ನು ಷರತ್ತಿನಲ್ಲಿ ಉಳಿದವರು ಯಾರು? ಸರ್ಕಾರಿ ಹಣದಲ್ಲಿ ಹೋದವರು, ಮತ್ತು ವೈದ್ಯರು. ಮೊದಲ ಗುಂಪಿನ ಬಗ್ಗೆ ನನ್ನ ಅಭಿಪ್ರಾಯ ಆ ಓದುಗರ ಅಭಿಪ್ರಾಯಕ್ಕೆ ಹತ್ತಿರವೇ ಇದೆ. ಜನರ ತೆರಿಗೆಯ ಹಣದಲ್ಲಿ ಹೋದವರ ಮೇಲೆ ಜನರಿಗೆ ಹಕ್ಕಿದೆ. ನಮ್ಮ ಸರ್ಕಾರದ ಶಿಷ್ಯವೇತನ ಪಡೆದು ಹೋದವರು ನಿರಾಕ್ಷೇಪಣೆ ಕೇಳಿದರೆ, ಅವರು ಮಾಡಿಕೊಂಡ ಕರಾರನ್ನು ಪಾಲಿಸಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದೇ ಸರಿ. ಫುಲ್‌ಬ್ರೈಟ್‌ನಂತಹ ಅಮೆರಿಕದ ಸರ್ಕಾರಿ ಹಣದಲ್ಲಿ ಹೋದವರ ವಿಷಯದಲ್ಲಿ ಅಮೆರಿಕವೇ ಬಿಗಿಯಾಗಿದೆ. ಆಗುವುದಿಲ್ಲ ಎಂಬ ಉತ್ತರವನ್ನೂ ಗೌರವದಿಂದ, ಕಾರಣ ಸಹಿತ, ಬೇಗನೆ ಕೊಡಬಹುದು. ಕಡತವನ್ನು ಉತ್ತರವಿಲ್ಲದೆ ಇಟ್ಟುಕೊಂಡು ಕಾಯಿಸುವುದರಿಂದ ದೇಶಕ್ಕೇನೂ ಸೇವೆಯಾಗುವುದಿಲ್ಲ.

ವೈದ್ಯರ ವಿಷಯ ಬೇರೆ. ಸ್ನಾತಕೋತ್ತರ ತರಬೇತಿಗೆಂದು ಜೆ-1ರಲ್ಲಿ ಹೋದ ವೈದ್ಯರು ತಾಯ್ನಾಡಿನ ನಿರಾಕ್ಷೇಪಣೆಯ ಆಧಾರದ ಮೇಲೆ ವಿನಾಯಿತಿ ಪಡೆಯಲು ಅಮೆರಿಕದ ಕಾನೂನೇ ಬಿಡುವುದಿಲ್ಲ. ಆದ್ದರಿಂದ ನೋರಿ ನಿಲ್ಲಿಸಿದರೆ ವೈದ್ಯರು ಮರಳುತ್ತಾರೆ ಎಂಬ ವಾದಕ್ಕೆ ತಳಹದಿಯಿಲ್ಲ. ಅವರಲ್ಲಿ ಅನೇಕರು ಹಿಡಿಯುವುದು ಕಾನ್ರಾಡ್ ದಾರಿಯನ್ನು. ನಾರ್ತ್ ಡಕೋಟಾ ರಾಜ್ಯದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಅವರ ಹೆಸರಿನ ಈ ಕಾರ್ಯಕ್ರಮ 1994ರಲ್ಲಿ ಬಂತು. ಆರಂಭದಲ್ಲಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 20 ವೈದ್ಯರಿಗೆ ಅವಕಾಶವಿತ್ತು, 2002ರಿಂದ ಅದು 30 ಆಗಿದೆ. ವೈದ್ಯರ ಕೊರತೆಯಿರುವ ಊರೊಂದರಲ್ಲಿ ವಾರಕ್ಕೆ 40 ಗಂಟೆಯಂತೆ ಮೂರು ವರ್ಷ ಕೆಲಸ ಮಾಡುವುದಾಗಿ ಒಪ್ಪಂದ ಮಾಡಿಕೊಂಡರೆ, ಆ ರಾಜ್ಯದ ಆರೋಗ್ಯ ಇಲಾಖೆಯೇ ಅವರ ಪರವಾಗಿ ವಿನಾಯಿತಿ ಕೇಳುತ್ತದೆ. ಇದನ್ನು ನಾನು ಆಕ್ಷೇಪಿಸುತ್ತಿಲ್ಲ. ತಮ್ಮ ಹಳ್ಳಿಗಾಡಿಗೆ ವೈದ್ಯರು ಬೇಕೆಂದು ಅವರು ಕಾನೂನು ಮಾಡಿದರು, ಊರುಗಳನ್ನು ಗುರುತಿಸಿದರು, ಹುದ್ದೆಗಳನ್ನು ತೋರಿಸಿದರು, ಕರೆದರು.

ನಮ್ಮ ಕಡೆ ಏನು ನಡೆಯುತ್ತದೆ ನೋಡಿ. ವೈದ್ಯರು ತರಬೇತಿಗೆ ಹೊರಡುವ ಮುನ್ನ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಪತ್ರ ಕೊಡಬೇಕು. ಇವರು ಕಲಿಯಲಿರುವ ವಿಭಾಗದ ತಜ್ಞರು ಭಾರತಕ್ಕೆ ಅಗತ್ಯ, ತರಬೇತಿ ಮುಗಿಸಿ ಮರಳುವುದಾಗಿ ಇವರು ಬರೆದುಕೊಟ್ಟಿದ್ದಾರೆ ಎಂಬುದು ಅದರ ಸಾರಾಂಶ. ಅಂದರೆ ಯಾರು, ಯಾವ ವಿಭಾಗದಲ್ಲಿ, ಯಾವಾಗ ಹೋದರು ಎಂಬ ದಾಖಲೆ ಸರ್ಕಾರದ ಬಳಿಯೇ ಇದೆ, ಅಗತ್ಯವಿದೆ ಎಂದು ಸಹಿ ಹಾಕಿದ್ದೂ ಸರ್ಕಾರವೇ. ಹಾಗೆ ಸಹಿ ಹಾಕಿದ ಮೇಲೆ, ತರಬೇತಿ ಮುಗಿಯುವ ಹೊತ್ತಿಗೆ ಆ ವೈದ್ಯರಿಗೆ ಯಾರಾದರೂ ಪತ್ರ ಬರೆದು, ನಿಮ್ಮ ವಿಭಾಗದಲ್ಲಿ ಇಂಥ ಜಿಲ್ಲೆಯಲ್ಲಿ ಹುದ್ದೆ ಖಾಲಿಯಿದೆ, ಬನ್ನಿ ಎಂದದ್ದುಂಟೆ? ನಾನು ವಿಚಾರಿಸಿದ ಯಾವ ವೈದ್ಯರಿಗೂ ಅಂಥ ಕರೆ ಬಂದಿಲ್ಲ. ನಮ್ಮ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರಿಲ್ಲವೆಂದು ಹೆರಿಗೆ ನೋವಿನ ಹೆಂಗಸರನ್ನು ರಾತ್ರಿ ಆಂಬುಲೆನ್ಸ್‌ನಲ್ಲಿ ಬೇರೆ ಊರಿಗೆ ಕಳಿಸುವುದನ್ನು ನಾನೇ ಕಂಡಿದ್ದೇನೆ. ಅಮೆರಿಕದ ಯಾವುದೋ ಹಳ್ಳಿಯ ಕೊರತೆಗೆ ಅಲ್ಲಿನ ಸರ್ಕಾರ ನಮ್ಮ ವೈದ್ಯರನ್ನು ಹೆಸರು ಹಿಡಿದು ಕರೆಯುತ್ತದೆ, ಬಾಗೇಪಲ್ಲಿ, ಗುಡಿಬಂಡೆಗಳ ಕೊರತೆಗೆ ನಾವು ಕರೆಯುವುದಿಲ್ಲ. ಹೀಗಿರುವಾಗ ಮರಳದ ವೈದ್ಯರನ್ನು ದೇಶಭಕ್ತಿಯಿಲ್ಲದವರು ಎಂದು ಜರೆಯುವುದು ನ್ಯಾಯವಲ್ಲ.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಹೆಸರನ್ನು ಆ ಓದುಗರು ಎತ್ತಿದ್ದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದು ಅವರು ಮರಳಿಬಂದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜನ್ನು ತಂದರು. ಅವರನ್ನು ನೆನೆಯದ ಮೇಷ್ಟರು ಈ ಜಿಲ್ಲೆಯಲ್ಲಿ ಇರಲಾರರು. ಆದರೆ ಅವರು ಬಂದದ್ದು ತಾವು ಮೊದಲೇ ಕಲಿಸುತ್ತಿದ್ದ ನ್ಯಾಷನಲ್ ಕಾಲೇಜಿಗೆ. ಬಂದು ನಿಲ್ಲಲು ಒಂದು ಸಂಸ್ಥೆ ಇತ್ತು, ತರಗತಿ ಇತ್ತು, ನಂಬಿದ ಹಿರಿಯರು ಇದ್ದರು. ಅವರ ಸಂಕಲ್ಪ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆ ಸಂಕಲ್ಪಕ್ಕೆ ಒಂದು ನೆಲೆ ಇತ್ತೆಂಬುದನ್ನು ಮರೆತು, ಈಗಿನ ಹುಡುಗ ಹುಡುಗಿಯರಿಂದ ಸಂಕಲ್ಪವನ್ನು ಮಾತ್ರ ಕೇಳುವುದು ತಕ್ಕುದಲ್ಲ.

ಕೇಂದ್ರ ಸರ್ಕಾರದಲ್ಲಿ ಮರಳುವ ವಿಜ್ಞಾನಿಗಳಿಗೆ ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್‌ಗಳಂತಹ ಒಳ್ಳೆಯ ಯೋಜನೆಗಳಿವೆ. ಅವು ತೀವ್ರ ಸ್ಪರ್ಧೆಯವು, ಮತ್ತು ಅವನ್ನು ಪಡೆಯುವವರು ಸಹಜವಾಗಿಯೇ ಪ್ರಯೋಗಾಲಯ ಸಜ್ಜಾಗಿರುವ ದೊಡ್ಡ ಸಂಸ್ಥೆಗಳನ್ನು ಆರಿಸಿಕೊಳ್ಳುತ್ತಾರೆ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು. ಕೋಲಾರದ ತಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು, ಮುದ್ದೇನಹಳ್ಳಿಯಲ್ಲಿರುವ ವಿಟಿಯು ಸ್ನಾತಕೋತ್ತರ ಕೇಂದ್ರ, ನಮ್ಮ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು, ಇವುಗಳಲ್ಲಿ ಒಂದೊಂದರಲ್ಲೂ ಹೊರದೇಶದಿಂದ ಮರಳಿದವರಿಗೆಂದು ಎರಡು ವರ್ಷದ ಕೆಲವು ಹುದ್ದೆಗಳನ್ನು ರಾಜ್ಯ ಸರ್ಕಾರ ಮಂಜೂರು ಮಾಡಲಿ. ವರ್ಷದ ಯಾವ ತಿಂಗಳಿನಲ್ಲಿ ಬಂದರೂ ಸೇರಿಕೊಳ್ಳುವ ಅವಕಾಶವಿರಲಿ. ಕೆಲಸಕ್ಕೇನೂ ಬರವಿಲ್ಲ. ಬಾಗೇಪಲ್ಲಿಯ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಅದು ಅಂತರ್ಜಲಕ್ಕೆ ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ವರ್ಷವರ್ಷವೂ ಅಳೆದು ನೋಡುವವರು ಬೇಕು. ಹಿಪ್ಪುನೇರಳೆಯ ಬೇರು ಕೊಳೆ ರೋಗ ಈಗಲೂ ಇದೆ. ಇವೆಲ್ಲ ಅಮೆರಿಕದಲ್ಲಿ ಕಲಿತ ಮಣ್ಣು, ನೀರು, ಸಸ್ಯಗಳ ವಿಜ್ಞಾನ ನೇರವಾಗಿ ಪ್ರಯೋಜನಕ್ಕೆ ಬರುವ ಪ್ರಶ್ನೆಗಳು.

ಇದರ ಜೊತೆಗೆ, ನಿರಾಕ್ಷೇಪಣೆಗೆ ರಾಜ್ಯ ಸರ್ಕಾರದ ಮಟ್ಟದಲ್ಲಿ ಆಗಬೇಕಾದ ಕೆಲಸಕ್ಕೆ ಸಕಾಲದ ಮಾದರಿಯಲ್ಲಿ ದಿನಗಳ ಮಿತಿ ಇರಬೇಕು. ಅರ್ಜಿ ಹಾಕಿದ ದಿನವೇ ಸ್ವೀಕೃತಿ ಸಂಖ್ಯೆ, ಕಡತ ಎಲ್ಲಿದೆ ಎಂದು ಮನೆಯಲ್ಲೇ ಕೂತು ನೋಡುವ ಅನುಕೂಲ, ಮಿತಿ ಮೀರಿದರೆ ಮೇಲ್ಮನವಿ, ನಿರಾಕರಿಸಿದರೆ ಬರಹದಲ್ಲಿ ಕಾರಣ. ಜಾತಿ ಪ್ರಮಾಣಪತ್ರಕ್ಕೂ ಪಹಣಿಗೂ ಆಗಿರುವುದು ಇದಕ್ಕೆ ಏಕೆ ಆಗಬಾರದು? ಪಟ್ಟಿಯಿಂದ ಭಾರತದ ಹೆಸರು ಹೋದ ಮೇಲೆ ಇಂಥ ಅರ್ಜಿಗಳ ಹೊರೆಯೂ ಕಡಿಮೆಯಾಗಿರಬೇಕು. ಉಳಿದವನ್ನು ಗಮನವಿಟ್ಟು ನೋಡಲು ಇದು ಒಳ್ಳೆಯ ಸಮಯ.

ಇದು ತುರ್ತಾಗಿ ಆಗಬೇಕೆನ್ನಲು ಇನ್ನೊಂದು ಕಾರಣವಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯಂತೆ, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಬಿದ್ದಿದೆ. ಎರಡು ವರ್ಷಕ್ಕೆಂದು ಊರಿಗೆ ಬಂದವರನ್ನು ಅಷ್ಟು ಹಣ ಕಟ್ಟಿ ಮತ್ತೆ ಕರೆಸಿಕೊಳ್ಳುವ ವಿಶ್ವವಿದ್ಯಾಲಯಗಳು ಎಷ್ಟಿದ್ದಾವು? ಇನ್ನು ಮುಂದೆ ಬಂದವರಲ್ಲಿ ಹೆಚ್ಚಿನವರು ಇಲ್ಲಿಯೇ ಉಳಿಯಬೇಕಾಗಬಹುದು. ಅವರೆಲ್ಲರೂ ಕೋಚಿಂಗ್ ಕೇಂದ್ರಗಳಿಗೆ ಹೋಗಬಾರದು ಎಂದಾದರೆ ಹುದ್ದೆಗಳ ಮಾತು ಈ ಬಜೆಟ್ಟಿಗೆ ಮುಂಚೆಯೇ ಆಗಬೇಕು. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಶಾಸಕರು ಉನ್ನತ ಶಿಕ್ಷಣ, ಕೃಷಿ ಮತ್ತು ವೈದ್ಯಕೀಯ ಶಿಕ್ಷಣ ಸಚಿವರ ಮುಂದೆ ಇದನ್ನು ಒಟ್ಟಾಗಿ ಇಡಬೇಕೆಂದೂ, ಇಬ್ಬರು ಸಂಸದರು ಕೇಂದ್ರ ಆರೋಗ್ಯ ಸಚಿವಾಲಯದಿಂದ ನಮ್ಮ ಜಿಲ್ಲೆಗಳ ಎಷ್ಟು ವೈದ್ಯರಿಗೆ, ಯಾವ ಯಾವ ವಿಭಾಗಗಳಲ್ಲಿ ಅಗತ್ಯದ ಪತ್ರ ಕೊಡಲಾಗಿದೆ ಎಂಬ ವಿವರವನ್ನು ಸಂಸತ್ತಿನಲ್ಲಿ ಪ್ರಶ್ನೆ ಕೇಳಿ ಪಡೆಯಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಆ ವಿವರ ಸಿಕ್ಕರೆ, ತರಬೇತಿ ಮುಗಿಸುತ್ತಿರುವ ವೈದ್ಯರಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ಕರೆ ಕಳಿಸುವ ಕೆಲಸವನ್ನು ಈ ವರ್ಷವೇ ಶುರು ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ,
ಚಿಕ್ಕಬಳ್ಳಾಪುರ